ಹಿಪ್ಪಲಿ: ಬಳ್ಳಿಯಿಂದ ಚೂರ್ಣದವರೆಗೆ

ಕರಿಮೆಣಸು, ವೀಳ್ಯದೆಲೆ, ಹಿಪ್ಪಲಿ ಈ ಮೂರೂ ಒಂದೇ ಕುಲದ ಬಳ್ಳಿಗಳು. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 'ಪೈಪರ್' ಎಂದು ಹೆಸರಿಟ್ಟ ಈ ಕುಲದಲ್ಲಿ ಸಾವಿರಕ್ಕೂ ಹೆಚ್ಚು ಪ್ರಭೇದಗಳಿದ್ದು, ಬಹುಪಾಲು ಉಷ್ಣವಲಯದವು. ಇವುಗಳಲ್ಲಿ ಕೆಮ್ಮು, ಕಫ ಮತ್ತು ಅಜೀರ್ಣಕ್ಕೆ ಆಯುರ್ವೇದವು ಬಹುಕಾಲದಿಂದ ಬಳಸುತ್ತ ಬಂದಿರುವ ಹಿಪ್ಪಲಿಯನ್ನು ಮನೆಯಲ್ಲೇ ಬೆಳೆದು ಚೂರ್ಣ ಮಾಡಿಕೊಳ್ಳಬಹುದು.

ಮೊದಲು ಮೂರರಿಂದ ಐದು ಗಿಣ್ಣುಗಳಿರುವ ಬಳ್ಳಿಯ ತುಂಡನ್ನು, ಎಲೆಗೊಬ್ಬರ ಬೆರೆಸಿದ ಸಡಿಲ ಮಣ್ಣಿನಲ್ಲಿ, ಅರೆನೆರಳಿರುವ ಕಡೆ ನೆಡಬೇಕು. ತೇವ ಇರಲಿ, ನೀರು ನಿಲ್ಲದಿರಲಿ. ಹಿಪ್ಪಲಿಯಲ್ಲಿ ಗಂಡು, ಹೆಣ್ಣು ಬಳ್ಳಿಗಳು ಬೇರೆಬೇರೆಯಾಗಿರುತ್ತವೆ. ಔಷಧಕ್ಕೆ ಬೇಕಾಗುವುದು ಹೆಣ್ಣು ಬಳ್ಳಿಯ ಗಿಡ್ಡನೆಯ, ದಪ್ಪ ತೆನೆಯಾದ್ದರಿಂದ ತುಂಡು ತರುವಾಗಲೇ ಇದನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಕೊಯ್ಲಿನ ಹದವೇ ಇಲ್ಲಿ ಮುಖ್ಯ. ತೆನೆ ಬಲಿತು ಕಪ್ಪುಹಸಿರು ಬಣ್ಣಕ್ಕೆ ತಿರುಗಿದಾಗ, ಹಣ್ಣಾಗುವ ಮೊದಲೇ ಕೀಳಬೇಕು. ಹಣ್ಣಾಗಲು ಬಿಟ್ಟರೆ ಖಾರ ತಗ್ಗುತ್ತದೆ. ಕಿತ್ತ ತೆನೆಗಳನ್ನು ನಾಲ್ಕೈದು ದಿನ ಬಿಸಿಲಿನಲ್ಲಿ ತೆಳುವಾಗಿ ಹರಡಿ, ಸಂಜೆ ಒಳಗೆ ತೆಗೆದಿಡಿ. ಚೆನ್ನಾಗಿ ಒಣಗಿದ ತೆನೆ ಬಾಗುವುದಿಲ್ಲ, ಬೆರಳಿನ ನಡುವೆ ಲಟಕ್ಕನೆ ಮುರಿಯುತ್ತದೆ. ತುದಿಯನ್ನು ಕಚ್ಚಿ ನೋಡಿದರೆ ಮೊದಲು ನಸುಸಿಹಿ, ಹಿಂದೆಯೇ ಖಾರ, ಆಮೇಲೆ ನಾಲಿಗೆ ಜುಮ್ಮೆಂದು ಬಾಯಲ್ಲಿ ನೀರೂರುತ್ತದೆ. ಇಷ್ಟಾಗದ ತೆನೆಯನ್ನು ನಾನಂತೂ ಔಷಧಕ್ಕೆ ಆರಿಸುವುದಿಲ್ಲ.

ಒಣಗಿದ ತೆನೆಗಳನ್ನು ಗಾಳಿಯಾಡದ ಗಾಜಿನ ಸೀಸೆಯಲ್ಲಿ ಇಡಿಯಾಗಿಯೇ ಇಟ್ಟು, ಬೇಕಾದಾಗ ಬೇಕಾದಷ್ಟೇ ಕುಟ್ಟಿ ಜರಡಿ ಹಿಡಿಯಿರಿ. ಕಫ ಕಟ್ಟಿದಾಗ ದೊಡ್ಡವರು ಒಂದು ಚಿಟಿಕೆ ಚೂರ್ಣವನ್ನು ಜೇನುತುಪ್ಪದಲ್ಲಿ ಕಲಸಿ ನೆಕ್ಕುವುದು ರೂಢಿ. ವರ್ಷ ತುಂಬದ ಮಕ್ಕಳಿಗೆ ಜೇನುತುಪ್ಪ ಕೊಡಲೇಬಾರದು.

ಹಿಪ್ಪಲಿಯನ್ನು ದಿನವೂ ಬಹುಕಾಲ ತೆಗೆದುಕೊಳ್ಳುವುದು ಸರಿಯಲ್ಲ. ಕ್ಷಾರ ಮತ್ತು ಉಪ್ಪಿನೊಡನೆ ಹಿಪ್ಪಲಿಯನ್ನೂ ಸೇರಿಸಿ, ಈ ಮೂರನ್ನು ಅತಿಯಾಗಿ ಬಳಸಬಾರದೆಂದು ಚರಕಸಂಹಿತೆಯೇ ಹೇಳುತ್ತದೆ. ಖಾರಕ್ಕೆ ಕಾರಣವಾದ ಪೈಪರಿನ್ ಎಂಬ ಅಂಶವನ್ನು 1819ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಅರ್‌ಸ್ಟೆಡ್ ಬೇರ್ಪಡಿಸಿದರು. ಔಷಧಗಳನ್ನು ಒಡೆಯುವ ಯಕೃತ್ತಿನ ಕೆಲವು ಕಿಣ್ವಗಳನ್ನು ಅದು ತಡೆಯುವುದರಿಂದ, ನುಂಗಿದ ಮಾತ್ರೆಯ ಅಂಶ ರಕ್ತದಲ್ಲಿ ಎಣಿಸಿದ್ದಕ್ಕಿಂತ ಹೆಚ್ಚಾಗಬಹುದು. ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್, ರಕ್ತದೊತ್ತಡಕ್ಕೆ ಕೊಡುವ ಪ್ರೊಪ್ರನೊಲಾಲ್ ಅಂಥವು. ಇಂಥ ಮಾತ್ರೆ ನುಂಗುತ್ತಿರುವವರೂ ಗರ್ಭಿಣಿಯರೂ ವೈದ್ಯರನ್ನು ಕೇಳಿದ ನಂತರವೇ ಚೂರ್ಣದ ಸೀಸೆಯನ್ನು ತೆರೆಯಬೇಕು.