ಊಟಕ್ಕೆ ಮೊದಲು ಆಟ: ನನ್ನ ಅನುಭವ

ಆಟದ ಪೀರಿಯಡ್ಡನ್ನು ಬಿಸಿಯೂಟಕ್ಕೆ ಮುಂಚೆ ತರೋಣ ಅಂದಾಗ ಸ್ಟಾಫ್ ರೂಮಿಗೆ ರೂಮೇ ನಕ್ಕಿತ್ತು. "ಹಸಿದ ಮಕ್ಕಳನ್ನು ಓಡಿಸ್ತೀರಾ ಮೇಷ್ಟ್ರೇ?" ಇದು ಮೂರನೇ ವರ್ಷ. ನಕ್ಕವರಲ್ಲಿ ಇಬ್ಬರು ನನ್ನ ಟೈಮ್‌ಟೇಬಲ್ಲನ್ನೇ ಬರೆದುಕೊಂಡು ಹೋಗಿದ್ದಾರೆ.

ನಮ್ಮದು ಕೊಡಗಿನ ವಿರಾಜಪೇಟೆ ಕಡೆಯ ಶಾಲೆ. ಪೇಟೆ ಮಕ್ಕಳು ಬೇಕರಿ ಪಫ್ಸ್ ತಿಂದು ಬರುತ್ತಾರೆ, ತೋಟದ ಕೂಲಿಯವರ ಲೈನ್ ಮನೆಗಳಿಂದ ಬರುವವರು ಬರೀ ಕರಿಕಾಫಿ ಕುಡಿದು. ಒಂದೇ ಬೆಂಚಿನಲ್ಲಿ 52 ಕೆಜಿ ಒಬ್ಬ, 26 ಕೆಜಿ ಇನ್ನೊಬ್ಬ.

ಈ ಎರಡೂ ತುದಿಯ ತೂಕವನ್ನು ಹದಕ್ಕೆ ತರಲು ಹೊರಟವನಿಗೆ ಮೊದಲ ಪೆಟ್ಟು ತಕ್ಕಡಿಯಿಂದ. 600 ರೂಪಾಯಿಯ ಮುಳ್ಳಿನ ಯಂತ್ರ ಜುಲೈ ಶೀತಕ್ಕೆ ತುಕ್ಕು ಹಿಡಿದು ಇಡೀ ಏಳನೇ ಕ್ಲಾಸನ್ನು ಎರಡು ಕೆಜಿ ಇಳಿಸಿತು. ನಾನೋ ಹಿಗ್ಗಿ ಹೆಡ್‌ಮಾಸ್ಟರಿಗೆ ಹೇಳಿಯೂ ಬಿಟ್ಟಿದ್ದೆ! ಆಮೇಲೆ ಕೈಯಿಂದ 1,500 ಹಾಕಿ ಡಿಜಿಟಲ್ ತಂದೆ. ಈಗ ತಿಂಗಳಿಗೊಮ್ಮೆ 5 ಕೆಜಿ ಅಕ್ಕಿ ಪ್ಯಾಕೆಟ್ ಇಟ್ಟು ನೋಡುತ್ತೇನೆ. ಇನ್ನೂ ದೊಡ್ಡ ತಪ್ಪೆಂದರೆ, ಸಾಲಿನಲ್ಲಿ ನಿಲ್ಲಿಸಿ ತೂಕ ಕೂಗಿ ಹೇಳಿದ್ದು. ಒಬ್ಬಳು ನಾಲ್ಕು ದಿನ ಶಾಲೆಗೇ ಬರಲಿಲ್ಲ. ಅವಳ ಅಜ್ಜಿ ಬಂದು ಬೈದದ್ದು ಇನ್ನೂ ಕಿವಿಯಲ್ಲಿದೆ. ಈಗ ಒಬ್ಬೊಬ್ಬರನ್ನೇ ಕರೆದು ತೂಗಿ ನನ್ನ ಪುಸ್ತಕದಲ್ಲಿ ಮಾತ್ರ ಬರೆಯುತ್ತೇನೆ.

ಮಕ್ಕಳನ್ನು ಶಾಲೆಗೆ ಒಂದು ಕಿಲೋಮೀಟರ್ ಇರುವಾಗಲೇ ಜೀಪಿನಿಂದ ಇಳಿಸಿ ನಡೆಸುವ ಯೋಜನೆ ಎಂಟು ದಿನ ನಡೆಯಿತು. ಹಲಸು ಹಣ್ಣಾಗಿತ್ತು, ಆನೆ ತೋಟಕ್ಕಿಳಿಯಿತು. "ಆನೆ ಬಂದ್ರೆ ನೀವು ಬರ್ತೀರಾ ಸಾರ್?" ಅಂದರು ಒಬ್ಬ ತಂದೆ. ಅಲ್ಲಿಗೆ ಮುಗಿಯಿತು.

ಮಳೆಗಾಲದಲ್ಲಿ ಮೈದಾನ ಗದ್ದೆ. ಗೋಣಿ ಕಟ್ಟುವ ನೈಲಾನ್ ಹಗ್ಗ ಕತ್ತರಿಸಿ ಸುಮಾರು 40 ಜಿಗಿಯುವ ಹಗ್ಗ ಮಾಡಿದೆವು, ಒಟ್ಟು 350 ರೂಪಾಯಿ. ವರಾಂಡದಲ್ಲೇ ಜಿಗಿತ. ನಡುವೆ ಹಾಕಿ ಸ್ಟಿಕ್ಕನ್ನೂ ಕೊಟ್ಟು ನೋಡಿದೆ. ಕೊಡಗಿನ ಮಕ್ಕಳ ಕೈಗೆ ಸ್ಟಿಕ್ ಸಿಕ್ಕರೆ ಕೇಳಬೇಕೇ? ಎರಡು ಗಾಜು ಹೋಯಿತು, ಅದೂ ನನ್ನ ಜೇಬಿನಿಂದಲೇ.

20 ನಿಮಿಷ ಜಿಗಿತ, ಕೈ ತೊಳೆದು ಹತ್ತು ನಿಮಿಷ ಸುಧಾರಿಕೆ, ಆಮೇಲೆ ಊಟ. ಮೊದಲ ವಾರ ಇಬ್ಬರಿಗೆ ತಲೆ ಸುತ್ತಿತು, ಹೊಟ್ಟೆ ಖಾಲಿ. ಈಗ ಬೆಳಗಿನ ಹಾಲು ಕುಡಿಯದವರಿಗೆ ಹಗ್ಗವಿಲ್ಲ. ಹಿಂದೆಲ್ಲ ಆಟಕ್ಕೆ ಓಡುವ ಆತುರದಲ್ಲಿ ಸಾಂಬಾರಿನ ತರಕಾರಿ ಚೆಲ್ಲುತ್ತಿದ್ದರು; ಒಂದೂವರೆ ಬಕೆಟ್ ಚೆಲ್ಲುತ್ತಿದ್ದದ್ದು ಅರ್ಧಕ್ಕೆ ಇಳಿಯಿತು. ಸಣಕಲರು ಎರಡನೇ ಸಲ ಬಡಿಸಿಕೊಳ್ಳತೊಡಗಿದರು. ಆ 52 ಕೆಜಿ ಹುಡುಗ ಮಾರ್ಚಿಗೆ 53, ಎತ್ತರ ಮಾತ್ರ ಆರು ಸೆಂಟಿಮೀಟರ್ ಏರಿತ್ತು. ಅವನ ಅಮ್ಮ "ಇಳಿದೇ ಇಲ್ವಲ್ಲ" ಅಂದರು. ತೂಕ ಹೆಚ್ಚಿರುವ ಮಗು ಬೆಳೆಯುತ್ತಿದ್ದರೆ ತೂಕ ನಿಂತರೆ ಸಾಕು, ಎತ್ತರ ಬಂದು ಸರಿಮಾಡುತ್ತದೆ ಅಂತ ಒಪ್ಪಿಸಲು ಎರಡು ಕಾಫಿ ಬೇಕಾಯಿತು.

ಗೇಟಿನೆದುರಿನ ಅಂಗಡಿಯಲ್ಲಿ ಚಿಪ್ಸ್ ಹೋಗಿ ಬೇಯಿಸಿದ ಕಡಲೆ ಬಂದದ್ದು ಹೇಗೆ ಅಂತ ಮಾತ್ರ ಕೇಳಬೇಡಿ. ಮತ್ತೆ, ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ಮುಗಿದ ವಾರ ಯಾರನ್ನೂ ತೂಗಲು ಹೋಗಬೇಡಿ. ಕಡಂಬುಟ್ಟು ಅನ್ನುವ ಅಕ್ಕಿ ಕಡುಬು, ಪಂದಿ ಕರಿ ಅನ್ನುವ ಹಂದಿ ಮಾಂಸದ ಸಾರು ಎಲ್ಲ ಪುಸ್ತಕಕ್ಕೆ ಏರಿಬಿಡುತ್ತದೆ, ನನ್ನ ತೂಕವೂ ಸೇರಿ.