ಬೇಸ್‌ಮೆಂಟಿನ ರೇಡಾನ್ ಅಳತೆ: ಲೆಕ್ಕ ತಪ್ಪುವುದು ಎಲ್ಲಿ?

ಅಮೆರಿಕದಲ್ಲಿ ಬೇಸ್‌ಮೆಂಟ್ ಇರುವ ಮನೆಯವರು ರೇಡಾನ್ (ಮಣ್ಣಿನಿಂದ ಹೊರಬರುವ ವಿಕಿರಣಶೀಲ ಅನಿಲ) ಪರೀಕ್ಷೆಯನ್ನು ಚಳಿಗಾಲದಲ್ಲೇ ಮಾಡಿ. ಕಿಟಕಿಗಳು ಹೇಗೂ ಮುಚ್ಚಿರುತ್ತವೆ. ಒಳಗಿನ ಬಿಸಿ ಗಾಳಿ ಮೇಲೇರುತ್ತಿದ್ದಂತೆ ನೆಲದ ಬಿರುಕು, ಸಂಪ್ ಗುಂಡಿಯ (ಬೇಸ್‌ಮೆಂಟಿಗೆ ಬಸಿಯುವ ನೀರು ಸೇರುವ ಗುಂಡಿ) ಮೂಲಕ ಮಣ್ಣಿನೊಳಗಿನ ಗಾಳಿಯನ್ನು, ಅದರ ಜೊತೆ ರೇಡಾನನ್ನೂ, ಮನೆ ಎಳೆದುಕೊಳ್ಳುತ್ತದೆ.

ಮೊದಲ ಸಲಕ್ಕೆ ಇದ್ದಿಲಿನ ಕಿಟ್ ಸಾಕು: ರೇಡಾನ್ ಹೀರುವ ಇದ್ದಿಲು ತುಂಬಿದ ಡಬ್ಬಿ, ಅಳೆಯಲು ಲ್ಯಾಬಿಗೆ ಕಳಿಸುವಂಥದ್ದು. ಡಬ್ಬಿ ತೆರೆಯುವ 12 ಗಂಟೆ ಮೊದಲೇ ಕಿಟಕಿ, ಹೊರಬಾಗಿಲು ಮುಚ್ಚಿ. ಓಡಾಡಲು ಬಾಗಿಲು ತೆರೆದು ಮುಚ್ಚಿದರೆ ಅಡ್ಡಿಯಿಲ್ಲ, ಹೀಟರ್ ಓಡಲಿ. ಜನ ಬಳಸುವ ಅತಿ ಕೆಳಗಿನ ಮಹಡಿಯಲ್ಲಿ, ನೆಲದಿಂದ 20 ಇಂಚು ಮೇಲೆ, ಕಿಟಕಿಯಿಂದ 3 ಅಡಿ, ಹೊರಗೋಡೆಯಿಂದ 1 ಅಡಿ ದೂರದಲ್ಲಿ ಇಡಿ. ಸ್ಟೂಲ್ ಒಂದಿದ್ದರೆ ಆಯಿತು. ಅಡುಗೆಮನೆ, ಬಚ್ಚಲು ಖಂಡಿತ ಬೇಡ: ಕುಕ್ಕರಿನ ಹಬೆ, ಸ್ನಾನದ ತೇವ ಇದ್ದಿಲಿಗೆ ಹಿಡಿದರೆ ಅದು ರೇಡಾನನ್ನು ಸರಿಯಾಗಿ ಹೀರುವುದಿಲ್ಲ.

ಕಿಟ್‌ನಲ್ಲಿ ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ 48ರಿಂದ 96 ಗಂಟೆ, ಅಲುಗಾಡಿಸದೆ ಬಿಡಿ. ಶುರು ಮಾಡಿದ, ಮುಗಿಸಿದ ಸಮಯ ಬರೆದಿಡಿ. ಅದಿಲ್ಲದೆ ಲ್ಯಾಬಿಗೆ ಲೆಕ್ಕ ಹಾಕಲಾಗದು. ಬಹಳ ಜನ ಎಡವುವುದು ಇದಾದ ಮೇಲೆ. ರೇಡಾನ್‌ನ ಅರ್ಧಾಯುಷ್ಯ, ಅಂದರೆ ಅರ್ಧದಷ್ಟು ನಶಿಸಲು ಹಿಡಿಯುವ ಸಮಯ, ಬರೀ 3.8 ದಿನ. ಡಬ್ಬಿಯನ್ನು ಕಾರಿನಲ್ಲಿ ವಾರಗಟ್ಟಲೆ ಮರೆತರೆ ಹೀರಿದ್ದೆಲ್ಲ ಕರಗಿಹೋಗಿರುತ್ತದೆ. ಸೀಲ್ ಮಾಡಿ ಅಂದೇ ಅಂಚೆಗೆ ಹಾಕಿ.

ಫಲಿತಾಂಶ ಲೀಟರಿಗೆ 4 ಪಿಕೋಕ್ಯೂರಿ (ವಿಕಿರಣದ ಅಳತೆ; ಬೆಕರೆಲ್ ಕೂಡ ಅದೇ ಬಗೆಯದು), ಅಂದರೆ ಘನಮೀಟರಿಗೆ ಸುಮಾರು 148 ಬೆಕರೆಲ್ ಅಥವಾ ಹೆಚ್ಚು ಬಂದರೆ ಮತ್ತೊಮ್ಮೆ ಅಳೆಯಿರಿ. 8 ಪಿಕೋಕ್ಯೂರಿ ದಾಟಿದ್ದರೆ ತಕ್ಷಣವೇ ಇನ್ನೊಂದು ಇದ್ದಿಲಿನ ಕಿಟ್ ಇಡಿ. 4ರ ಆಸುಪಾಸಿನಲ್ಲಿದ್ದರೆ 90 ದಿನಕ್ಕೂ ಹೆಚ್ಚು ಇಡುವ ಆಲ್ಫಾ ಟ್ರ್ಯಾಕ್ ಕಿಟ್ (ವಿಕಿರಣದ ಕಣಗಳು ಪ್ಲಾಸ್ಟಿಕ್ ತುಣುಕಿನ ಮೇಲೆ ಬಿಟ್ಟ ಗುರುತು ಎಣಿಸುವಂಥದ್ದು) ಮೇಲು.