ಲಿವರ್‌ಗೆ ಬರೋ ಆಟೋಇಮ್ಯೂನ್ ಕಾಯಿಲೆ ಗುರ್ತು ಹಿಡಿಯೋದು ಹೆಂಗ

ನಮ್ ರಾಯಚೂರು ಬಿಸಿಲಿಗೆ ಸುಸ್ತಾಗೋದು ಎಲ್ಲಾರಿಗೂ ಇದ್ದದ್ದೇ, ಆದ್ರ ಮಳಿಗಾಲ ಬಂದು ತಂಪಾದ್ರೂ ಸುಸ್ತು ಹೋಗ್ಲಿಲ್ಲ, ವಾರಗಟ್ಲೆ ಕೀಲು ನೋವು, ಊಟ ಸೇರವಲ್ದು, ಬಲಗಡಿ ಪಕ್ಕೆಲುಬಿನ ಕೆಳಗ ಭಾರ ಅನಸ್ತದ ಅಂದ್ರ ಬಿಸಿಲಿನ ಮ್ಯಾಲ ಹಾಕಿ ಸುಮ್ನ ಕೂಡಬ್ಯಾಡ್ರಿ. ನಮ್ಮ ರೋಗನಿರೋಧಕ ಶಕ್ತಿನೇ ಲಿವರ್ ಮ್ಯಾಲ ತಿರುಗಿ ಬೀಳೋ ಆಟೋಇಮ್ಯೂನ್ ಕಾಯಿಲೆ ಇರಬಹುದು, ಒಂದು ಹನಿ ಕುಡಿಯದವ್ರಿಗೂ ಬರ್ತದ, ಹೆಣ್ಮಕ್ಕಳಿಗೆ ಜಾಸ್ತಿ.

ಕಣ್ಣು ಹಳದಿ ಆಗ್ಯಾವೇನು ಅಂತ ಹಗಲು ಬೆಳಕಿನ್ಯಾಗ ನೋಡ್ರಿ. ಸಾಕಷ್ಟು ನೀರು ಕುಡಿದ್ರೂ ಮೂತ್ರ ಚಾ ಡಿಕಾಕ್ಷನ್ ಬಣ್ಣಕ್ಕ ಬಂದ್ರ, ಗುಳ್ಳಿ ಇಲ್ದನೇ ಮೈಯೆಲ್ಲಾ ತುರಿಕಿ ಬಂದ್ರನೂ ಹುಷಾರು.

ಕಾಮಾಲಿ ಅಂತ ಸೊಪ್ಪಿನ ರಸ ಕುಡಿಸಿ ತಿಂಗಳುಗಟ್ಲೆ ಕಳೀಬ್ಯಾಡ್ರಿ, ಕೈಮುಗಿದು ಕೇಳ್ತೀನಿ. ಮೊದ್ಲು ಲಿವರ್ ಹೆಂಗ ಕೆಲಸ ಮಾಡ್ತದ ಅಂತ ತೋರಿಸೋ ಎಲ್‌ಎಫ್‌ಟಿ ರಕ್ತ ಪರೀಕ್ಷೆ ಮಾಡ್ಸ್ರಿ, ಅದ್ರಾಗ ಲಿವರ್‌ಗೆ ಪೆಟ್ಟಾದ್ರ ಏರೋ ಎಎಲ್‌ಟಿ, ಎಎಸ್‌ಟಿ ಅನ್ನೋ ಕಿಣ್ವಗಳು ಏರಿದ್ದು ವೈರಸ್‌ನಿಂದ ಅಲ್ಲ ಅಂತಾದ್ರ ಆಟೋಇಮ್ಯೂನ್ ಕಾಯಿಲೆ ಸುಳಿವು ಕೊಡೋ ಎಎನ್‌ಎ, ಐಜಿಜಿ ಅನ್ನೋ ರಕ್ತದ ಟೆಸ್ಟ್ ಬಗ್ಗೆ ಡಾಕ್ಟರ್‌ನ ನೀವೇ ಕೇಳ್ರಿ, ಪಕ್ಕಾ ಮಾಡ್ಕೊಳ್ಳಾಕ ಲಿವರಿನ ಸಣ್ಣ ಚೂರು ತಗದು ನೋಡೋ ಬಯಾಪ್ಸಿನೂ ಬೇಕಾಗ್ತದ. ರೋಗನಿರೋಧಕ ಶಕ್ತಿಯ ಈ ದಾಳಿ ತಗ್ಗಿಸೋ ಪ್ರೆಡ್ನಿಸೊಲೋನ್ ಅನ್ನೋ ಸ್ಟಿರಾಯ್ಡ್ ಗುಳಿಗಿ ಶುರು ಆದ್ರ ಆರಾಮ ಆತು ಅಂತ ತಾವಾಗೇ ನಿಲ್ಲಿಸಬಾರ್ದು.

ರಕ್ತ ವಾಂತಿ, ಡಾಂಬರಿನಂಗ ಕರ್ರನ ಮಲ, ಹೊಟ್ಟಿ ಉಬ್ಬೋದು, ಮಾತು ತಡವರಿಸೋದು ಇದ್ರ ಬೆಳಗಾಗ್ಲಿ ಅನ್ನಬ್ಯಾಡ್ರಿ, ರಾತ್ರೋರಾತ್ರಿ ದೊಡ್ಡ ಆಸ್ಪತ್ರಿಗೆ ಕರ್ಕೊಂಡು ಹೋಗ್ರಿ.